ಥಿಯಾನ್ ಸುಟ್ಟ ಪತ್ರ

ಇವತ್ತು ಗೇಮ್ ಆಫ್ ಥ್ರೋನ್ಸ್ ಅನ್ನೋ ಇಂಗ್ಲಿಷ್ ಟಿವಿ ಸರಣಿಯ ಎರಡನೇ ಸೀಸನ್ ಮತ್ತೆ ಹಾಕಿಕೊಂಡು ಕೂತಿದ್ದೆ.

ಥಿಯಾನ್ ಗ್ರೇಜಾಯ್ ರಾತ್ರಿ ಒಬ್ಬನೇ ಕೂತು, ತಾನು ಬೆಳೆದ ಸ್ಟಾರ್ಕ್ ಮನೆಯ ಹಿರಿಮಗ ರಾಬ್‌ಗೆ ಪತ್ರ ಬರೆಯುತ್ತಾನೆ. ನಮ್ಮಪ್ಪ ದಂಡೆತ್ತಿ ಬರುತ್ತಿದ್ದಾನೆ, ಹುಷಾರು ಅಂತ. ಬರೆದು ಮುಗಿಸಿ, ಅದನ್ನೇ ಮೇಣದಬತ್ತಿಗೆ ಹಿಡಿಯುತ್ತಾನೆ.

ಅಷ್ಟೇ. ಒಂದು ಮಾತಿಲ್ಲ.

ಆ ಅಪ್ಪನಾದರೂ ಎಂಥವನು? ಎಷ್ಟೋ ವರ್ಷದ ಮೇಲೆ ಮನೆಗೆ ಬಂದ ಮಗನ ಕೊರಳು ನೋಡಿ, ಈ ಒಡವೆ ದುಡ್ಡು ಕೊಟ್ಟು ತಂದದ್ದಾ, ಕೊಂದು ಕಿತ್ತುಕೊಂಡದ್ದಾ ಅಂತ ಕೇಳುವವನು. ಆದರೂ ಥಿಯಾನ್‌ಗೆ ಅವನ ಮೆಚ್ಚುಗೆಯೇ ಬೇಕು.

ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ ಆಯಿತು. ಸ್ಟಾರ್ಕ್ ಮನೆಯಲ್ಲಿ ರಾಬ್ ಅವನಿಗೆ ಅಣ್ಣತಮ್ಮನ ಹಾಗೇ ಇದ್ದ, ನಿಜ. ಆದರೆ ಅಲ್ಲಿ ಅವನು ಒತ್ತೆಯಾಳು ಅನ್ನೋದೂ ನಿಜ ಅಲ್ವಾ? ಅಪ್ಪ ಮತ್ತೆ ದಂಗೆ ಎದ್ದರೆ ಹೋಗೋದು ಇವನ ತಲೆ. ಅಂಥ ಮನೆಯನ್ನು ಪೂರ್ತಿ ನನ್ನದು ಅಂದುಕೊಳ್ಳೋದು ಹೇಗೆ?

ಕೊನೆಯ ಸೀಸನ್‌ನಲ್ಲಿ ಥಿಯಾನ್, ರಾಬ್‌ನ ತಮ್ಮ ಬ್ರಾನ್‌ನನ್ನು ಕಾಯುತ್ತಲೇ ಸಾಯುತ್ತಾನೆ. ಅಲ್ಲಿ ನಾನು ಪ್ರತಿ ಸಲ ಅಳುತ್ತೇನೆ. ಆದರೆ ಹಿಂದೆ ಅದೇ ಸ್ಟಾರ್ಕ್ ಮನೆಯನ್ನು ವಶಮಾಡಿಕೊಂಡಾಗ, ತಪ್ಪಿಸಿಕೊಂಡ ಬ್ರಾನ್ ಮತ್ತು ಅವನ ತಮ್ಮ ರಿಕನ್ ಇವರೇ ಅಂತ ತೋರಿಸೋಕೆ ಇವನು ಸುಟ್ಟು ನೇತುಹಾಕಿಸಿದ ಆ ಇಬ್ಬರು ಹುಡುಗರು? ಅವರಿಗೆ ಯಾವ ಮನೆತನವೂ ಇರಲಿಲ್ಲ. ಬ್ರಾನ್ ಕ್ಷಮಿಸಿದ, ಸರಿ. ನನಗೆ ಇನ್ನೂ ಆಗುತ್ತಿಲ್ಲ. ನಿಮಗೆ?