ರಾತ್ರಿಯೆಲ್ಲ ಓಡುತ್ತೀರಲ್ಲ, ನಿದ್ದೆ ಬರುವುದಿಲ್ಲವೇ?

ಬರುತ್ತದೆ. ಧಾರಾಳವಾಗಿ ಬರುತ್ತದೆ.

ಸಂಜೆ ಆರಕ್ಕೆ ಶುರುವಾಗಿ ಮರುದಿನ ಬೆಳಿಗ್ಗೆ ಆರಕ್ಕೆ ಮುಗಿಯುವ ಓಟವೊಂದನ್ನು ನಾನು ಪೂರೈಸಿದ ಸುದ್ದಿ ಕೋಲಾರದಲ್ಲಿ ಹಬ್ಬಿದ ಮೇಲೆ, ಕ್ಷೌರದಂಗಡಿಯಿಂದ ಹಿಡಿದು ಮದುವೆ ಊಟದ ಪಂಕ್ತಿಯವರೆಗೆ ಇದೇ ಪ್ರಶ್ನೆ. ಕಾಲು ನೋಯುವುದಿಲ್ಲವೇ ಎಂದು ಕೇಳುವವರು ಅಪರೂಪ. ಕಾಲು ನೋಯುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ನಿದ್ದೆಯ ವಿಷಯ ಮಾತ್ರ ನಂಬಿಕೆಯಾಗುವುದಿಲ್ಲ. ಒಂಬತ್ತೂವರೆಯ ಧಾರಾವಾಹಿ ಮುಗಿಯುವ ಮುಂಚೆಯೇ ತೂಕಡಿಸುವ ಮನೆಗಳು ನಮ್ಮವು.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಅದನ್ನು ದಾಟಿದ್ದೆಲ್ಲ ಅಲ್ಟ್ರಾಮ್ಯಾರಥಾನ್. ಐವತ್ತು ಕಿಲೋಮೀಟರ್, ನೂರು ಕಿಲೋಮೀಟರ್, ನೂರು ಮೈಲಿ ಎಂದು ದೂರ ಗೊತ್ತುಮಾಡಿ ಓಡಿಸುವುದು ಒಂದು ಬಗೆ. 12 ಗಂಟೆ, 24 ಗಂಟೆ ಎಂದು ಹೊತ್ತು ಗೊತ್ತುಮಾಡಿ, ಅಷ್ಟರಲ್ಲಿ ಯಾರು ಎಷ್ಟು ದೂರ ಹೋದರು ಎಂದು ಅಳೆಯುವುದು ಇನ್ನೊಂದು. ನಾನು ಓಡಿದ್ದು ಈ ಎರಡನೆಯದನ್ನು, ಬೆಂಗಳೂರಿನ ಕ್ರೀಡಾಂಗಣವೊಂದರ 400 ಮೀಟರ್ ಟ್ರ್ಯಾಕಿನ ಮೇಲೆ. ಎಂಬತ್ತು ಕಿಲೋಮೀಟರಿನ ಮೇಲೆ ಒಂದಿಷ್ಟು ಆಯಿತು. ಬಲ್ಲವರ ಮುಂದೆ ಇದು ಲೆಕ್ಕಕ್ಕಿಲ್ಲ. 2022ರ ಜುಲೈನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ–ಓಷಿಯಾನಿಯಾ 24 ಗಂಟೆ ಚಾಂಪಿಯನ್‌ಷಿಪ್ ನಡೆದಾಗ ಅಮರ್ ಸಿಂಗ್ ದೇವಂದ 257 ಕಿಲೋಮೀಟರ್ ಓಡಿ ಚಿನ್ನ ಗೆದ್ದರು. ಪುರುಷರ ತಂಡದ ಚಿನ್ನವೂ ಭಾರತಕ್ಕೇ ಬಂತು. ಇದನ್ನು ನಾನು ಕೆಲಸ ಮಾಡುವ ಮಂಡಿಯಲ್ಲಿ ಹೇಳಿದಾಗ ಲಾರಿ ಚಾಲಕರೊಬ್ಬರು ಬೆರಳೆಣಿಸಿ, ಕೋಲಾರದಿಂದ ಟೊಮೆಟೊ ಹೇರಿಕೊಂಡು ಹೊರಟರೆ ಅಷ್ಟು ದೂರಕ್ಕೆ ಚೆನ್ನೈ ಹತ್ತಿರ ಹತ್ತಿರ ಬಂತು ಎಂದರು. ಬಾಯಿ ತೆರೆದು ಒಂದು ಕ್ಷಣ ಕೂತರು. ಆಮೇಲೆ ಅವರು ಕೇಳಿದ್ದು: "ಅವರಿಗೂ ನಿದ್ದೆ ಬರಲಿಲ್ಲವೇ ಸಾರ್?"

ನಾನು ಎಪಿಎಂಸಿ ಮಾರುಕಟ್ಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಸೀಸನ್ನಿನಲ್ಲಿ ಮನೆಗೆ ಹೋಗುವುದು ಎಷ್ಟು ಗಂಟೆಗೆ ಎಂದು ಹೇಳುವಂತಿಲ್ಲ. ಹಾಗಾಗಿ "ನಿಮಗೇನು ಬಿಡಿ, ರಾತ್ರಿ ಎಚ್ಚರವಿದ್ದು ರೂಢಿ" ಎಂದು ಪ್ರಶ್ನೆಯ ಜೊತೆಗೆ ಉತ್ತರವನ್ನೂ ಕೊಟ್ಟುಬಿಡುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ನಿದ್ದೆಗೆಡುವುದು ರೂಢಿಯಾಗುವ ವಿದ್ಯೆಯಲ್ಲ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ಅದು ಹೆಚ್ಚಿದಷ್ಟೂ ಕಣ್ಣು ಎಳೆಯುತ್ತದೆ, ಮಲಗಿದರೆ ಇಳಿಯುತ್ತದೆ. ಇದಲ್ಲದೆ ಮೈಯೊಳಗೆ ಒಂದು ಗಡಿಯಾರವಿದೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವವರ ಒಳಮೈಯ ಬಿಸಿ ಬೆಳಗಿನ ಜಾವ ನಾಲ್ಕು–ಐದರ ಸುಮಾರಿಗೆ ತೀರಾ ತಗ್ಗಿರುತ್ತದೆ. ಸಂಜೆಯಿಂದ ಓಡುತ್ತಿರುವವನ ಮೇಲೆ ಎರಡೂ ಒಟ್ಟಿಗೆ ಬೀಳುವುದು ಆ ಹೊತ್ತಿಗೆ. ವರ್ಷಗಟ್ಟಲೆ ರಾತ್ರಿ ಲಾರಿ ಓಡಿಸಿದವರನ್ನು ಕೇಳಿ ನೋಡಿ, ನಾಲ್ಕು ಗಂಟೆಯ ನಿದ್ದೆಗೆ ಅನುಭವದ ಹಂಗಿಲ್ಲ ಎನ್ನುತ್ತಾರೆ.

ರಾತ್ರಿ ಓಟಕ್ಕೆ ತಯಾರಿ ಎಂದರೆ ಮುಂಚಿನಿಂದಲೇ ರಾತ್ರಿಗಟ್ಟಲೆ ಎಚ್ಚರವಿದ್ದು ಮೈ ಪಳಗಿಸುವುದು ಎಂದು ಕೆಲವು ಓಟಗಾರರೂ ನಂಬಿದ್ದಾರೆ. ಒಂದು ರಾತ್ರಿಯ ನಿದ್ದೆ ಹಾಳುಮಾಡಿಕೊಂಡರೆ ಆ ವಾರದ ಓಟವೆಲ್ಲ ಹಳಸಿಹೋಗುತ್ತದೆ, ಅಷ್ಟೇ ಲಾಭ. ಪಳಗಿಸಬೇಕಾದದ್ದು ಹೊಟ್ಟೆಯನ್ನು. ರಾತ್ರಿ ಒಂದು, ಎರಡು ಗಂಟೆಯಲ್ಲಿ ನಿದ್ದೆ ಎಂದು ನಾವು ಅಂದುಕೊಳ್ಳುವುದರಲ್ಲಿ ಬಹುಪಾಲು ಹಸಿವು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಬರೆಯುವವನಾದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಕಿಲೋ ತೂಕದ ಮೈಯನ್ನು ಒಂದು ಕಿಲೋಮೀಟರ್ ಓಡಿಸಲು ಸುಮಾರು ಒಂದು ಕ್ಯಾಲೊರಿ ಬೇಕು. 65 ಕಿಲೋ ತೂಗುವವನು 80 ಕಿಲೋಮೀಟರ್ ಹೋದರೆ 5,000ದ ಮೇಲೆ. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಹೆಚ್ಚೆಂದರೆ 2,000 ಕ್ಯಾಲೊರಿಯಷ್ಟು. ಕೊಬ್ಬು ಬೇಕಾದಷ್ಟಿರುತ್ತದೆ, ಆದರೆ ಅದು ನಿಧಾನಕ್ಕೆ ಉರಿಯುವ ಸೌದೆ. ಉಳಿದದ್ದನ್ನು ಓಡುತ್ತಲೇ ತಿನ್ನಬೇಕು. ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್, ಅಂದರೆ ಎರಡು ಬಾಳೆಹಣ್ಣಿಗಿಂತ ಸ್ವಲ್ಪ ಹೆಚ್ಚು, ಹನ್ನೆರಡು ಗಂಟೆಯೂ ಬಿಡದೆ. ಓಡುವಾಗ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹರಿದು ಹೊಟ್ಟೆಗೆ ಪಾಲು ಕಡಿಮೆ. ರಾತ್ರಿ ಹೊಟ್ಟೆಯ ಕೆಲಸವೂ ಮಂದ. ನಡುರಾತ್ರಿ ಓಡುತ್ತಿರುವವನ ಬಾಯಿಗೆ ಬಾಳೆಹಣ್ಣು ತುರುಕಿದರೆ ಅದು ಬಂದ ದಾರಿಯಲ್ಲೇ ಹಿಂತಿರುಗುವುದು ಇದರಿಂದ.

ಹಾಗಾಗಿ ನನ್ನ ತಯಾರಿಯಲ್ಲಿ ತಿಂಗಳಿಗೊಮ್ಮೆ ಶನಿವಾರ ರಾತ್ರಿ ಹತ್ತಕ್ಕೆ ಹೊರಟು ಎರಡು, ಮೂರು ಗಂಟೆಯವರೆಗೆ ಓಡುವುದಿತ್ತು. ಮುಖ್ಯ ಉದ್ದೇಶ ತಿನ್ನುವುದು. ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ ಒಗ್ಗಿತು. ಕಡಲೆಕಾಯಿ ಮಿಠಾಯಿ ನಡುರಾತ್ರಿಯವರೆಗೆ ಸರಿ, ಆಮೇಲೆ ಗಂಟಲಿಗೆ ಅಂಟುತ್ತದೆ. ಮಜ್ಜಿಗೆ ಬೆರೆಸಿದ ತೆಳು ರಾಗಿ ಅಂಬಲಿ ಎಲ್ಲಕ್ಕಿಂತ ಚೆನ್ನಾಗಿ ಇಳಿಯಿತು. ಓಟಗಾರರಿಗೆಂದು ಅಂಗಡಿಯಲ್ಲಿ ಸಿಗುವ ಸಕ್ಕರೆಯ ಜೆಲ್ ಪೊಟ್ಟಣಗಳು ಕೆಲಸ ಮಾಡುತ್ತವೆ ನಿಜ, ಆದರೆ ಮೂರನೆಯದರ ಹೊತ್ತಿಗೆ ಕೆಮ್ಮಿನ ಔಷಧಿ ಕುಡಿದಂತಾಗುತ್ತದೆ. ಮುದ್ದೆಯ ಬಗ್ಗೆ ನಮ್ಮ ಕಡೆಯವರಿಗೆ ಅಭಿಮಾನ ಜಾಸ್ತಿ, "ಎರಡು ಮುದ್ದೆ ಉಂಡು ಹೋಗಪ್ಪ, ಬೆಳಗಿನವರೆಗೆ ಕೇಳುವುದಿಲ್ಲ" ಎಂದು ದೊಡ್ಡಮ್ಮ ಹೇಳಿದ್ದೂ ಅದೇ ಅಭಿಮಾನದಿಂದ. ಹೊಲದ ಕೆಲಸಕ್ಕೆ ಆ ಮಾತು ಸರಿ. ಓಟಕ್ಕೆ ಮುಂಚೆ ಅದು ಹೊಟ್ಟೆಯಲ್ಲಿ ಕಲ್ಲು.

ಎಲ್ಲಿ ಓಡುವುದು ಎಂಬುದೂ ಒಂದು ಪ್ರಶ್ನೆಯೇ. ಬೆಂಗಳೂರು–ಚೆನ್ನೈ ಹೆದ್ದಾರಿಯ ಅಂಚಿನಲ್ಲಿ ರಾತ್ರಿ ಕಾಲಿಡುವುದು ಬೇಡ. ಬಂಗಾರಪೇಟೆ ರಸ್ತೆ, ವಕ್ಕಲೇರಿ ಕಡೆಯ ರಸ್ತೆ, ಅವುಗಳ ಒಳದಾರಿಗಳು, ಇವು ಸಾಕು. ಹೊಳೆಯುವ ಪಟ್ಟಿಯ ಅಂಗಿ, ಹಣೆಗೆ ಕಟ್ಟುವ ದೀಪ, ರಸ್ತೆಯ ಬಲಬದಿ. ಎದುರಿನಿಂದ ಬರುವ ವಾಹನ ಕಾಣಬೇಕಲ್ಲ. ಊರಿನ ನಾಯಿಗಳಿಗೆ ಓಡುವವನನ್ನು ಕಂಡರೆ ಅಟ್ಟಿಸಿಕೊಂಡು ಬರುವ ಚಪಲ, ನಡೆದರೆ ಬೊಗಳಿ ಸುಮ್ಮನಾಗುತ್ತವೆ. ಪ್ರತಿ ಊರಿನ ಒಳಗೂ ನಡಿಗೆ, ಊರು ದಾಟಿದ ಮೇಲೆ ಓಟ ಎಂಬ ನಿಯಮ ಹುಟ್ಟಿದ್ದು ಅವುಗಳಿಂದ, ಮತ್ತು ಅದೇ ನಿಯಮ ಅಲ್ಟ್ರಾ ಓಟಕ್ಕೆ ಹೇಳಿಮಾಡಿಸಿದ್ದು. ಮೊದಲ ಗಂಟೆಯಿಂದಲೇ ನಡುನಡುವೆ ನಡೆಯುವವನು ಕೊನೆಯ ಗಂಟೆಯಲ್ಲೂ ಓಡುತ್ತಿರುತ್ತಾನೆ.

2023ರ ಜುಲೈ ಮಾತ್ರ ಮರೆಯುವಂಥದ್ದಲ್ಲ. ಕೋಲಾರದಲ್ಲಿ 15 ಕಿಲೋ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಕಳ್ಳರ ಭಯಕ್ಕೆ ರೈತರು ರಾತ್ರಿ ತೋಟದಲ್ಲೇ ಮಲಗುತ್ತಿದ್ದರು, ಮಲಗುತ್ತಿದ್ದರು ಎನ್ನುವುದಕ್ಕಿಂತ ಕೂರುತ್ತಿದ್ದರು. ಅಂಥ ತೋಟವೊಂದರ ಪಕ್ಕ ರಾತ್ರಿ ಒಂದು ಗಂಟೆಗೆ ಹಣೆಯ ಮೇಲೆ ದೀಪ ಹೊತ್ತು, ಬೆನ್ನಿಗೆ ಚೀಲ ಬಿಗಿದು ಓಡಿಕೊಂಡು ಬರುವವನು ಹೇಗೆ ಕಾಣಬೇಕು? ಮೂರು ಟಾರ್ಚುಗಳು ಒಟ್ಟಿಗೆ ಮುಖಕ್ಕೆ ಬಿದ್ದವು. ತೆಲುಗಿನಲ್ಲಿ ಒಬ್ಬರು, ಕನ್ನಡದಲ್ಲಿ ಇಬ್ಬರು ಗದರಿಸಿದರು. ಚೀಲ ಬಿಚ್ಚಿಸಿದರು. ಅದರೊಳಗಿದ್ದದ್ದು ಆಲೂಗಡ್ಡೆ. ಹಿರಿಯರೊಬ್ಬರು ಒಂದನ್ನು ಕೈಯಲ್ಲಿ ಹಿಡಿದು ಟಾರ್ಚಿನ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಬೇಯಿಸಿದ್ದೆಂದು ಖಾತ್ರಿಯಾದ ಮೇಲೆ ವಾಪಸು ಕೊಟ್ಟರು. ಮಂಡಿಯ ಹೆಸರು ಹೇಳಿದಾಗ ಗುರುತು ಸಿಕ್ಕಿತು. ಆಮೇಲೆ ಕಾಲು ಗಂಟೆ ನಾಳೆಯ ಧಾರಣೆಯ ಮಾತು. ಹೊರಡುವಾಗ, ಗೆದ್ದರೆ ಎಷ್ಟು ಕೊಡುತ್ತಾರೆ ಎಂದು ವಿಚಾರಿಸಿದರು. ಕೊಡುವುದಿಲ್ಲ, ಸೇರುವುದಕ್ಕೆ ನಾವೇ ದುಡ್ಡು ಕಟ್ಟಬೇಕು ಎಂದೆ. ಅವರಲ್ಲಿ ಕಿರಿಯವನು, "ಹಾಗಾದರೆ ಇಲ್ಲೇ ಕಾವಲಿಗೆ ಬನ್ನಿ ಸಾರ್, ನಾವು ಕೊಡುತ್ತೇವೆ" ಎಂದ. ನ್ಯಾಯವಾದ ಮಾತು.

ಬೆಟ್ಟದ ಓಟ ಬೇರೆ ದಿನ, ಹಗಲಿನಲ್ಲಿ. ಅಂತರಗಂಗೆಯ ಬಳಿಯಿಂದ ಶತಶೃಂಗ ಬೆಟ್ಟದ ಮೇಲಿನ ತೇರಹಳ್ಳಿಯವರೆಗೆ ಹತ್ತಿ ಇಳಿಯುವುದು ತೊಡೆಗೆ ಒಳ್ಳೆಯ ಕಸರತ್ತು. ಶನಿವಾರ ಉದ್ದ ಓಟ, ಭಾನುವಾರ ಅದೇ ದಣಿದ ಕಾಲಿನಲ್ಲಿ ಮತ್ತೊಂದು. ಅಲ್ಟ್ರಾ ಓಟಗಾರರೆಲ್ಲ ಮಾಡುವುದು ಇದನ್ನೇ. ವಿಶೇಷವೇನಿಲ್ಲ. ವಿಶೇಷವೆಂದರೆ ಓಟದ ಮುಂಚಿನ ವಾರ. ಆ ವಾರ ನಾನು ರಾತ್ರಿ ಒಂಬತ್ತಕ್ಕೇ ಮಲಗಿದೆ, ಓಟದ ದಿನ ಮಧ್ಯಾಹ್ನವೂ ಮಲಗಿದೆ. ಮುಂಚೆ ಚೆನ್ನಾಗಿ ನಿದ್ದೆ ಮಾಡಿದವರು ನಿದ್ದೆಗೆಟ್ಟ ರಾತ್ರಿಯನ್ನು ಉಳಿದವರಿಗಿಂತ ಚೆನ್ನಾಗಿ ತಾಳುತ್ತಾರೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕಿದ್ದರೆ ಇದೇ: ಆ ರಾತ್ರಿಯ ನಿದ್ದೆಯಲ್ಲಿ ಒಂದು ಭಾಗವನ್ನು ಮುಂಗಡವಾಗಿ ಮಾಡಿ ಮುಗಿಸಿರುತ್ತೇವೆ.

ಓಟದ ರಾತ್ರಿ ನನ್ನ ಸಹಾಯಕ್ಕೆ ಬಂದವನು ಬಾಮೈದ. ಟ್ರ್ಯಾಕಿನ ಪಕ್ಕ ಮೇಜು ಹಾಕಿಕೊಂಡು, ಅರ್ಧ ಗಂಟೆಗೊಮ್ಮೆ ತಿನ್ನಲು ಕೊಟ್ಟು, ಕೊಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು ಅವನ ಕೆಲಸ. ತೀರಾ ಒಳಬದಿಯ ಒಂದನೇ ಲೇನಿನಲ್ಲೇ ಓಡು ಎಂದು ಪ್ರತಿ ಸುತ್ತಿಗೂ ಕೂಗುವುದು ಅವನು ತಾನಾಗಿ ಹಚ್ಚಿಕೊಂಡ ಕೆಲಸ. ಎರಡನೇ ಲೇನಿನಲ್ಲಿ ಪೂರ್ತಿ ಸುತ್ತಿದರೆ ಸುತ್ತಿಗೆ ಏಳೂವರೆ ಮೀಟರಿಗೂ ಹೆಚ್ಚು ದೂರ ದಂಡ ಎಂದು ಯಾರೋ ಅವನಿಗೆ ಹೇಳಿದ್ದರು. ಕೆಲವು ಗಂಟೆಗೊಮ್ಮೆ ಎಲ್ಲರನ್ನೂ ಎದುರು ದಿಕ್ಕಿಗೆ ತಿರುಗಿಸುತ್ತಾರೆ, ಒಂದೇ ಕಡೆ ತಿರುಗಿ ತಿರುಗಿ ಒಂದೇ ಕಾಲಿಗೆ ಭಾರ ಬೀಳಬಾರದೆಂದು. ಮೊದಲ ಸಲ ತಿರುಗಿದಾಗ ಹೊಸ ಊರಿಗೆ ಬಂದಷ್ಟು ಖುಷಿಯಾಯಿತು.

ಹನ್ನೊಂದರವರೆಗೆ ಹಾಡು, ಚಪ್ಪಾಳೆ, ಮಾತು. ಒಂದು ಗಂಟೆಯ ಹೊತ್ತಿಗೆ ಬೂಟುಗಳ ಸದ್ದು ಬಿಟ್ಟರೆ ಬೇರೇನಿಲ್ಲ. ಎರಡಕ್ಕೆ ಆ ದಿನದ ಮೊದಲ ಕಾಫಿ. ಕಾಫಿಯ ಕೆಫೀನ್ ಅಡೆನೊಸಿನ್ ಕೂರುವ ಜಾಗಕ್ಕೆ ತಾನು ಹೋಗಿ ಕೂರುತ್ತದೆ, ಹಾಗಾಗಿ ಅದನ್ನು ಬೇಗ ಕುಡಿದು ಮುಗಿಸಬಾರದು ಎಂದು ಬೆಳಿಗ್ಗೆಯಿಂದ ಕಾಯ್ದಿರಿಸಿದ್ದೆ. ಮೇಜಿನ ಹತ್ತಿರ ಹೋದರೆ ಬಾಮೈದ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ, ಆಲೂಗಡ್ಡೆ ಡಬ್ಬಿಯನ್ನು ಎದೆಗವಚಿಕೊಂಡು ಗೊರಕೆ ಹೊಡೆಯುತ್ತಿದ್ದ. ನೋಟ್‌ಬುಕ್ಕಿನಲ್ಲಿ ಒಂದೂವರೆಯ ನಂತರ ಬರವಣಿಗೆಯಿಲ್ಲ. ಕೊನೆಯ ಸಾಲಿನ ಅಕ್ಷರಗಳು ಇಳಿಜಾರಿನಲ್ಲಿ ಜಾರಿ ಪುಟದ ಅಂಚಿಗೆ ಹೋಗಿದ್ದವು. ಫ್ಲಾಸ್ಕಿನಿಂದ ನಾನೇ ಬಗ್ಗಿಸಿಕೊಂಡು ಕುಡಿದೆ.

ಮೂರೂವರೆಗೆ ಅದು ಬಂತು. ಹಸಿವಲ್ಲ, ತಿಂದಾಗಿತ್ತು. ಲೇನಿನ ಬಿಳಿ ಗೆರೆ ಎರಡಾಗಿ ಕಂಡಿತು, ಮತ್ತೆ ಒಂದಾಯಿತು. ತಿರುವಿನಿಂದ ನೇರಕ್ಕೆ ಬಂದದ್ದು ನೆನಪಿದೆ. ಎದುರು ತಿರುವಿಗೆ ಹೇಗೆ ತಲುಪಿದೆನೋ ನೆನಪಿಲ್ಲ. ಮುಂದಿದ್ದ ಹೆಂಗಸೊಬ್ಬರು ಮೂರನೇ ಲೇನಿನವರೆಗೆ ಓಲಾಡುತ್ತಾ ಹೋಗಿ ಬರುತ್ತಿದ್ದರು. ಇಂಥ ಹೊತ್ತಿನಲ್ಲಿ ಹಲ್ಲು ಕಚ್ಚಿ ಓಡುವುದನ್ನು ಶೌರ್ಯವೆಂದು ಹೇಳುವವರಿದ್ದಾರೆ. ನಾನು ಹತ್ತು ನಿಮಿಷಕ್ಕೆ ಅಲಾರಂ ಇಟ್ಟು, ಚಾಪೆಯ ಮೇಲೆ ಮಲಗಿ, ಕಾಲುಗಳನ್ನು ಬಾಮೈದನ ಕುರ್ಚಿಯ ಅಡ್ಡಪಟ್ಟಿಗೆ ಏರಿಸಿದೆ. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಇಳಿದು ಎದ್ದಾಗ ತಲೆ ಇನ್ನೂ ಮಂಕಾಗಿರುತ್ತದೆ, ಹತ್ತು ನಿಮಿಷಕ್ಕೆ ಆ ಅಪಾಯವಿಲ್ಲ. ಎದ್ದ ಮೇಲೆ ಮೊದಲ ಸುತ್ತು ನಡಿಗೆಯೂ ಅಲ್ಲದ ತೆವಳಾಟ. ಎರಡನೆಯದರಲ್ಲಿ ಮೊಣಕಾಲು ಮಡಚಲು ಬಂತು. ನಾಲ್ಕನೆಯದರಲ್ಲಿ ಓಡುತ್ತಿದ್ದೆ. ಐದೂವರೆಗೆ ಬೆಳಕು ಹರಿಯಿತು ನೋಡಿ, ಯಾರೋ ಸ್ವಿಚ್ ಹಾಕಿದ ಹಾಗೆ ಎಲ್ಲರೂ ಚುರುಕು. ಬಾಮೈದನೂ ಎದ್ದು ಒಂದನೇ ಲೇನು ಎಂದು ಕೂಗತೊಡಗಿದ.

ಇನ್ನು, ನಿದ್ದೆ ನಿಜವಾಗಿ ಬಾರದಿರುವುದು ಓಟದ ಮರುರಾತ್ರಿ. ಬಹಳ ಮಂದಿ ಓಟಗಾರರ ಅನುಭವ ಇದೇ. ಕಾಲು ಬಿಸಿಯಾಗಿ ಮಿಡಿಯುತ್ತದೆ, ಎದೆಬಡಿತ ಮಾಮೂಲಿಗಿಂತ ಜೋರಾಗಿರುತ್ತದೆ, ಗಂಟೆಗೊಮ್ಮೆ ಬಾಯಾರಿಕೆ, ನಡುರಾತ್ರಿ ಅನ್ನದ ಪಾತ್ರೆ ಹುಡುಕುವ ಹಸಿವು. ಮಂಚದಿಂದ ಅಡುಗೆಮನೆಗೆ ಗೋಡೆ ಹಿಡಿದು ಹೋಗಬೇಕು.

ಓದಿ, ನಾನೂ ಒಮ್ಮೆ ನೋಡುತ್ತೇನೆ ಎನ್ನುವವರಿಗೆ ಎರಡು ಮಾತು. ರಕ್ತದೊತ್ತಡ, ಸಕ್ಕರೆ ಇರುವವರು ವೈದ್ಯರನ್ನು ಕೇಳದೆ ಹೋಗಬೇಡಿ. ಬರೀ ನೀರನ್ನು ಲೀಟರುಗಟ್ಟಲೆ ಕುಡಿಯಬೇಡಿ. ರಕ್ತದ ಸೋಡಿಯಂ ತೆಳುವಾಗಿ ಮಂಪರು, ವಾಂತಿ, ಗೊಂದಲ ಶುರುವಾದರೆ ನೋಡುವವರು ಅದನ್ನು ನಿದ್ದೆಯೆಂದು ತಿಳಿದು ಸುಮ್ಮನಿರುತ್ತಾರೆ, ಪ್ರಾಣಕ್ಕೇ ಕುತ್ತು. ಓಡುವಾಗ ನೋವಿನ ಮಾತ್ರೆ ನುಂಗಬೇಡಿ, ಮೈಯ ನೀರು ಬತ್ತಿರುವಾಗ ಅದು ಮೂತ್ರಪಿಂಡಕ್ಕೆ ಏಟು ಕೊಡುತ್ತದೆ. ಎರಡು ಎಂದು ಹೇಳಿ ಮೂರಾಯಿತು, ನಾಲ್ಕನೆಯದನ್ನೂ ಹೇಳಿಬಿಡುತ್ತೇನೆ: ಬೈಕಿನಲ್ಲಿ ಹೋದವರು ಬೈಕನ್ನು ಅಲ್ಲೇ ಬಿಟ್ಟು ಕೋಲಾರದ ಬಸ್ ಹತ್ತಿ. ಊರು ಬಂದಾಗ ಎಬ್ಬಿಸಲು ಕಂಡಕ್ಟರಿಗೆ ಮೊದಲೇ ಹೇಳಿಟ್ಟಿರಿ, ಇಲ್ಲವಾದರೆ ಮುಳಬಾಗಿಲಿನಲ್ಲಿ ಇಳಿಯುತ್ತೀರಿ.