ನಾಲಂದಾಕ್ಕೆ ಅನ್ನ ಹಾಕಿದವರು

ರಾಜಗೀರ್‌ನಿಂದ ನಾಲಂದಾಕ್ಕೆ ಹೋಗುವಾಗ ದಾರಿಯಲ್ಲಿ ಸಿಲಾವ್ ಸಿಗುತ್ತದೆ. ಅಲ್ಲಿನ ಖಾಜಾ ಹೆಸರುವಾಸಿ. ನಮ್ಮ ಚಿರೋಟಿ ಥರ ಪದರ ಪದರ. ಅದನ್ನು ತಿಂದುಕೊಂಡೇ ಹಳೆಯ ಬೌದ್ಧ ವಿದ್ಯಾಪೀಠದ ಅವಶೇಷಗಳ ಕಡೆ ಹೊರಟೆವು.

ಕೆಂಪು ಇಟ್ಟಿಗೆಯ ವಿಹಾರಗಳು ಒಂದರ ಪಕ್ಕ ಒಂದು. ನಡುವೆ ಅಂಗಳ, ಸುತ್ತ ಭಿಕ್ಷುಗಳ ಸಣ್ಣ ಸಣ್ಣ ಕೋಣೆ. ಜೊತೆಗಿದ್ದವರು ದೊಡ್ಡ ಸ್ತೂಪದ ಮುಂದೆ ಫೋಟೋ ತೆಗೆಯಲು ಹೋದರು. ನಾನು ಜಾಸ್ತಿ ಹೊತ್ತು ನಿಂತದ್ದು ಆರನೇ ವಿಹಾರದಲ್ಲಿ. ಅದರ ಅಂಗಳದಲ್ಲಿ ಜೋಡಿ ಒಲೆಗಳಿವೆ. ನೋಡಿದ ಕೂಡಲೇ ಅನ್ನಿಸಿತು: ಇಷ್ಟು ಜನಕ್ಕೆ ಅನ್ನ ಎಲ್ಲಿಂದ ಬರುತ್ತಿತ್ತು?

7ನೇ ಶತಮಾನದಲ್ಲಿ ಇಲ್ಲಿ ಓದಿದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್‌ನ ಜೀವನಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ರಾಜ 100 ಹಳ್ಳಿಗಳ ಕಂದಾಯ ಬಿಟ್ಟುಕೊಟ್ಟಿದ್ದ. ಅಲ್ಲಿನ 200 ಮನೆಯವರು ದಿನವೂ ಅಕ್ಕಿ, ಹಾಲು, ಬೆಣ್ಣೆ ತಂದು ಕೊಡುತ್ತಿದ್ದರು. ಹ್ಯೂಯೆನ್ ತ್ಸಾಂಗ್‌ನ ಪಾಲಿಗೆ ದಿನಕ್ಕೆ 20 ಅಡಿಕೆ, ಸ್ವಲ್ಪ ಕರ್ಪೂರ, ಮಹಾಶಾಲಿ ಅನ್ನೋ ಘಮಘಮಿಸುವ ದಪ್ಪ ಅಕ್ಕಿ. ಕೆಲವು ದಶಕ ಕಳೆದು ಬಂದ ಇನ್ನೊಬ್ಬ ಚೀನೀ ಯಾತ್ರಿಕ ಇತ್ಸಿಂಗ್, ಹಳ್ಳಿಗಳು 200ಕ್ಕೂ ಹೆಚ್ಚು ಎನ್ನುತ್ತಾನೆ. ಶೀಲಭದ್ರರಂಥ ಗುರುಗಳ ಹೆಸರು ನಮಗೆ ಗೊತ್ತು. ಆ ಭತ್ತ ಬೆಳೆದವರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ನನಗೆ ಅವರೂ ನಾಲಂದಾದವರೇ.

9ನೇ ಶತಮಾನದ ಒಂದು ತಾಮ್ರಶಾಸನ ಇಲ್ಲೇ ಸಿಕ್ಕಿದೆ. ಸುವರ್ಣದ್ವೀಪದ, ಅಂದರೆ ಸುಮಾತ್ರಾ ಕಡೆಯ ರಾಜ ಬಾಲಪುತ್ರದೇವ ಇಲ್ಲೊಂದು ವಿಹಾರ ಕಟ್ಟಿಸಿದ. ಅದಕ್ಕೆ ಪಾಲ ವಂಶದ ರಾಜ ದೇವಪಾಲ ಐದು ಹಳ್ಳಿ ಕೊಟ್ಟ. ಯಾತಕ್ಕೆ ಅಂತಲೂ ಬರೆದಿದೆ: ಭಿಕ್ಷುಗಳ ಊಟ, ಬಟ್ಟೆ, ಹಾಸಿಗೆ, ಕಾಯಿಲೆ ಬಿದ್ದವರಿಗೆ ಔಷಧಿ, ಗ್ರಂಥ ಬರೆಸುವುದು, ವಿಹಾರದ ರಿಪೇರಿ. ಓದಿಗೆ ಏನೇನು ಬೇಕು ಅಂತ ಎಷ್ಟು ಚೆನ್ನಾಗಿ ಗೊತ್ತಿತ್ತು ಅಲ್ವಾ!

ಮ್ಯೂಸಿಯಂನಲ್ಲಿ ಅಗೆತದಲ್ಲಿ ಸಿಕ್ಕ ಸುಟ್ಟ ಅಕ್ಕಿ ಇದೆ. ಕಪ್ಪಗೆ ಕರಕಲು. ಮೂರ್ತಿಗಳನ್ನು ಬಿಟ್ಟು ಅದರ ಮುಂದೆಯೇ ನಿಂತುಬಿಟ್ಟೆ.

ತುರ್ಕರ ದಾಳಿಯಾದ ಮೇಲೂ ನಾಲಂದಾದಲ್ಲಿ ಪಾಠ ಪೂರ್ತಿ ನಿಲ್ಲಲಿಲ್ಲ. 1235ರ ಸುಮಾರಿಗೆ ಟಿಬೆಟ್‌ನ ಭಿಕ್ಷು ಧರ್ಮಸ್ವಾಮಿ ಬಂದಾಗ, 90 ದಾಟಿದ್ದ ರಾಹುಲ ಶ್ರೀಭದ್ರರು ಸುಮಾರು 70 ಮಂದಿಗೆ ಪಾಠ ಹೇಳುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದದ್ದು ಜಯದೇವ ಅನ್ನೋ ಗೃಹಸ್ಥ. ಅವನನ್ನು ಸೆರೆಗೆ ಹಾಕಿದರು. ಮತ್ತೆ ದಾಳಿಯಾಗಲಿದೆ ಎಂದು ಅಲ್ಲಿಂದಲೇ ಹೇಳಿ ಕಳಿಸಿದವನು ಅವನೇ. ಉಳಿದವರು ಓಡಿಹೋದರು. ಧರ್ಮಸ್ವಾಮಿ ಗುರುವನ್ನು ಹೊತ್ತುಕೊಂಡು ಹತ್ತಿರದ ಗುಡಿಗೆ ಹೋಗಿ ಅಡಗಿಕೊಂಡ. ಜೊತೆಗೆ ಒಯ್ದದ್ದು ಒಂದಿಷ್ಟು ಅಕ್ಕಿ, ಸಕ್ಕರೆ ಮತ್ತು ಕೆಲವು ಪುಸ್ತಕ.