ಬಾಸ್ ರಜೆಯಲ್ಲಿದ್ದಾಗ ನಾನು ಕೂತ ತಪ್ಪು ಜಾಗ

2013ರ ಸೆಪ್ಟೆಂಬರ್ ಕೊನೆಗೆ ನಮ್ಮ ಲ್ಯಾಬ್ ಮ್ಯಾನೇಜರ್ ಬೆನ್ನಿನ ಆಪರೇಷನ್‌ಗೆ ಅಂತ ಎಂಟು ವಾರ ರಜೆ ಹಾಕಿದರು. ಮಿನಿಯಾಪೊಲಿಸ್ ಹತ್ತಿರದ ಒಂದು ಬಿಸ್ಕತ್ತು ಕಾರ್ಖಾನೆ. ಅಲ್ಲಿ ಹನ್ನೊಂದು ವರ್ಷದಿಂದ ಅವರ ಕೈಕೆಳಗೆ ನಾನೇ ಸೀನಿಯರ್. ಹೊರಡುವ ದಿನ ಕ್ಯಾಬಿನ್ ಕೀಲಿ ಕೈಗಿಟ್ಟು, "ನೀನಿದ್ದೀಯಲ್ಲ, ನನಗೆ ಚಿಂತೆಯಿಲ್ಲ" ಅಂದರು. ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಅವರ ಕುರ್ಚಿಯನ್ನು ನನ್ನ ಎತ್ತರಕ್ಕೆ ಏರಿಸಿಕೊಂಡದ್ದು.

ಆಮೇಲೆ ಮೀಟಿಂಗು, ಇಮೇಲು, ಬಜೆಟ್ಟು. ಅವರು ಹೋಗುತ್ತಿದ್ದ ಎಲ್ಲಾ ಕಡೆ ಹೋದೆ. ಅವರ ಹಾಗೇ ಹಣೆ ಗಂಟು ಹಾಕಿಕೊಂಡು ಕೂತೆ. ನನ್ನ ಹಳೇ ಕೆಲಸ, ಅಂದರೆ ಬೆಳಿಗ್ಗೆ ಆರೂವರೆಗೆ ಬಂದು ಹಿಟ್ಟಿನ ಸ್ಯಾಂಪಲ್ ನೋಡುವುದನ್ನು, ಹೊಸದಾಗಿ ಸೇರಿದ್ದ ಹುಡುಗನಿಗೆ ವಹಿಸಿದೆ. ಹತ್ತು ನಿಮಿಷ ತೋರಿಸಿಕೊಟ್ಟಿದ್ದೆ, ಅಷ್ಟೇ.

ಹತ್ತನೇ ದಿನ ಯಾವುದೋ ಸಹಿ ಬೇಕಾಗಿ ಲ್ಯಾಬ್ ಪುಸ್ತಕ ತೆರೆದೆ. ಹಿಟ್ಟಿನ ತೇವ ಅಳೆಯಲು ಅದನ್ನು 130 ಡಿಗ್ರಿಯ ಓವನ್‌ನಲ್ಲಿ ಒಂದು ಗಂಟೆ ಇಡುತ್ತೇವೆ. ಮುಂಚೆ ಎಷ್ಟು ತೂಕ ಇತ್ತು, ಆಮೇಲೆ ಎಷ್ಟು ಉಳಿಯಿತು ಅನ್ನುವುದೇ ಲೆಕ್ಕ. ದಿನಾ ಬೆಳಿಗ್ಗೆ ಓವನ್ನಿನ ಉಷ್ಣತೆ ಬರೆಯಬೇಕು. ಪುಸ್ತಕದಲ್ಲಿ ಒಂಬತ್ತು ದಿನವೂ 130.0, 130.0, 130.0. ನೋಡಿದ ಕೂಡಲೇ ಹೊಟ್ಟೆಯಲ್ಲಿ ಏನೋ ತಳಮಳ. ಹನ್ನೊಂದು ವರ್ಷದಲ್ಲಿ ಆ ಓವನ್ ಒಂದು ವಾರವೂ ಹಾಗೆ ನಿಂತಿದ್ದಿಲ್ಲ. ಒಂದು ದಿನ 129.6, ಇನ್ನೊಂದು ದಿನ 130.4, ಅದರ ಸ್ವಭಾವವೇ ಹಾಗೆ.

ಹುಡುಗ ಸುಳ್ಳೇನೂ ಬರೆದಿರಲಿಲ್ಲ ಪಾಪ. ಹೊರಗಿನ ಡಿಸ್ಪ್ಲೇ ನೋಡಿ ಬರೆದಿದ್ದ. ನಾವು ನೋಡಬೇಕಾದದ್ದು ಒಳಗಿಟ್ಟಿರುವ ಬೇರೆ ಥರ್ಮಾಮೀಟರ್. ಅದನ್ನು ಅವನಿಗೆ ಹೇಳಬೇಕಾದವನು ನಾನು. ಬಾಗಿಲು ತೆಗೆದು ನೋಡಿದರೆ 126. ಓವನ್ನಿನ ಸೆನ್ಸರ್ ಕೆಟ್ಟಿತ್ತು. ಶಾಖ ಕಡಿಮೆಯಾದರೆ ನೀರು ಪೂರ್ತಿ ಆರುವುದಿಲ್ಲ, ತೂಕ ಕಡಿಮೆ ಇಳಿಯುತ್ತದೆ, ಲೆಕ್ಕದಲ್ಲಿ ಹಿಟ್ಟು ಇರುವುದಕ್ಕಿಂತ ಒಣಗಿದ ಹಾಗೆ ಕಾಣುತ್ತದೆ. ಎತ್ತಿಟ್ಟಿದ್ದ ಸ್ಯಾಂಪಲ್‌ಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಿದೆವು. ನಮ್ಮ ಮಿತಿ ಶೇಕಡಾ 14. ಎರಡು ಲಾಟ್ ಅದನ್ನು ದಾಟಿದ್ದವು. ಅದರಿಂದ ಮಾಡಿದ ಮಾಲಿಗೆಲ್ಲ ಹೋಲ್ಡ್ ಟ್ಯಾಗ್ ಬಿತ್ತು, ಅಂದರೆ ಹೊರಗೆ ಕಳಿಸದೆ ತಡೆದಿಟ್ಟೆವು.

ಇದರಿಂದ ನಾನು ಕಲಿತದ್ದು ಏನು ಅಂತೀರಿ? ಆಗ ಏನೂ ಕಲಿಯಲಿಲ್ಲ. ಎರಡೂ ಕೆಲಸ ನಾನೇ ಮಾಡಿದರಾಯಿತು ಅಂದುಕೊಂಡೆ. ಬೆಳಿಗ್ಗೆ ಆರಕ್ಕೆ ಬಂದರೆ ರಾತ್ರಿ ಒಂಬತ್ತಕ್ಕೆ ಮನೆ. ಎರಡು ವಾರ ಹೀಗೇ ಎಳೆದೆ.

ಅಕ್ಟೋಬರ್ 26, ಶನಿವಾರ. ನನ್ನ ಮುಖ ನೋಡಲಾರದೆ ಗೋದಾಮಿನ ಹಿರಿಯ ಸಹೋದ್ಯೋಗಿಯೊಬ್ಬರು ಯೂನಿವರ್ಸಿಟಿ ಆಫ್ ಮಿನೆಸೋಟದ ಫುಟ್ಬಾಲ್ ಮ್ಯಾಚ್‌ಗೆ ಕರೆದುಕೊಂಡು ಹೋದರು. ಇದು ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕನ್ ಫುಟ್ಬಾಲ್. ಇಲ್ಲಿ ಕಾಲೇಜು ಹುಡುಗರ ಆಟಕ್ಕೂ ಊರಿಗೆ ಊರೇ ಬಂದು ಕೂರುತ್ತದೆ, ನಮ್ಮಲ್ಲಿ ರಥೋತ್ಸವಕ್ಕೆ ಸೇರುವ ಹಾಗೆ.

ಆ ತಂಡದ ಮುಖ್ಯ ಕೋಚ್ ಜೆರ್ರಿ ಕಿಲ್ ಅವರಿಗೆ ಫಿಟ್ಸ್ ಇತ್ತು. ಆ ತಿಂಗಳ ಆರಂಭದಲ್ಲಿ ಮಿಶಿಗನ್ ವಿರುದ್ಧದ ಪಂದ್ಯಕ್ಕೆ ಹೋಗಲಾಗಲಿಲ್ಲ, ಆಮೇಲೆ ರಜೆಯನ್ನೇ ತೆಗೆದುಕೊಂಡರು. ಜಾಗ ತುಂಬಿದವರು ಟ್ರೇಸಿ ಕ್ಲೇಸ್. ಮೊದಲು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. 1995ರಿಂದ ಕಿಲ್ ಜೊತೆಗಿದ್ದವರು, ಕಿಲ್ ಕಾಲೇಜು ಬದಲಿಸಿದಾಗಲೆಲ್ಲ ತಾವೂ ಬದಲಿಸಿದವರು. ತಂಡದ ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಕೆಲಸ, ಪೂರ್ತಿ ಅವರ ಜವಾಬ್ದಾರಿ.

ಮ್ಯಾಚ್ ಶುರುವಾದ ಮೇಲೆ ನಾನು ಗೆರೆಯ ಪಕ್ಕ ನಿಂತಿದ್ದವರಲ್ಲಿ ಕ್ಲೇಸ್ ಅವರನ್ನು ಹುಡುಕಿದೆ. ಮುಖ್ಯ ಕೋಚ್ ನಿಲ್ಲುವ ಜಾಗ ಅದು. ಟೈಮ್ ಔಟ್ ಕೇಳುವುದು, ರೆಫರಿ ಜೊತೆ ವಾದ, ಟಿವಿ ಕ್ಯಾಮೆರಾ, ಎಲ್ಲ ಅಲ್ಲೇ.

"ಇನ್‌ಚಾರ್ಜ್ ಕೋಚ್ ಎಲ್ಲಿ?" ಅಂತ ಕೇಳಿದೆ.

ಹಿರಿಯರು ಕೈಗವಸು ಹಾಕಿದ ಕೈ ಎತ್ತಿ ಮೇಲೆ ತೋರಿಸಿದರು. ಸ್ಟೇಡಿಯಂ ನೆತ್ತಿಯಲ್ಲಿ ಗಾಜಿನ ಕೋಣೆಗಳ ಸಾಲು. "ಅಲ್ಲಿ. ಯಾವಾಗಲೂ ಕೂರುವ ಜಾಗದಲ್ಲೇ."

ಅಷ್ಟೆತ್ತರದಿಂದ 22 ಆಟಗಾರರೂ ಒಟ್ಟಿಗೆ ಕಾಣುತ್ತಾರೆ. ಎದುರಾಳಿ ಸಾಲು ಎಲ್ಲಿ ತೆಳ್ಳಗಿದೆ, ಯಾರು ಯಾವ ಕಡೆ ಸರಿಯುತ್ತಿದ್ದಾರೆ ಅಂತ ನೋಡಿ ಹೆಡ್‌ಸೆಟ್‌ನಲ್ಲಿ ಕೆಳಗೆ ಹೇಳುವುದು ಕ್ಲೇಸ್ ಕೆಲಸ. ಗೆರೆ ಪಕ್ಕ ನಿಂತರೆ ಅದ್ಯಾವುದೂ ಕಾಣುವುದಿಲ್ಲ, ಬರೀ ಬೆನ್ನುಗಳು ಕಾಣುತ್ತವೆ. ಮುಖ್ಯ ಕೋಚ್ ಗೆರೆ ಪಕ್ಕ ಇಲ್ಲ ಅಂದಮೇಲೆ ಅಲ್ಲಿ ಒಂದು ಜೊತೆ ಕಣ್ಣು ಕಡಿಮೆಯಾಗಿದೆ. ಇವರೂ ಇಳಿದು ಬಂದಿದ್ದರೆ ಮೇಲೂ ಒಂದು ಜೊತೆ ಕಡಿಮೆಯಾಗುತ್ತಿತ್ತು. ಚಳಿಗೆ ಕೈ ಉಜ್ಜಿಕೊಳ್ಳುತ್ತಾ ಕೂತವನಿಗೆ ಥಟ್ಟನೆ ಓವನ್ನಿನ ಪುಸ್ತಕ ನೆನಪಾಯಿತು.

ಆ ದಿನ ನೆಬ್ರಾಸ್ಕಾ ವಿರುದ್ಧ ಮಿನೆಸೋಟ 34-23ರಿಂದ ಗೆದ್ದಿತು. 1960ರ ನಂತರ ಅವರನ್ನು ಸೋಲಿಸಿದ್ದು ಅದೇ ಮೊದಲು. ನನ್ನ ಪಕ್ಕದವರ ಕಣ್ಣಲ್ಲಿ ನೀರು. ಅದಕ್ಕೂ ಹಿಂದಿನ ವಾರ ನಾರ್ತ್‌ವೆಸ್ಟರ್ನ್ ಮೇಲೆ ಗೆದ್ದಿದ್ದರು, ಆಮೇಲೆ ಇಂಡಿಯಾನ, ಪೆನ್ ಸ್ಟೇಟ್ ಮೇಲೂ ಗೆದ್ದರು. ಎಲ್ಲಾ ಕ್ಲೇಸ್ ಮೇಲೆ ಕೂತದ್ದರಿಂದಲೇ ಅನ್ನುವಷ್ಟು ಹುಚ್ಚು ನನಗಿಲ್ಲ. ಆಮೇಲಿನ ಎರಡು ಪಂದ್ಯ ಸೋತರು ಕೂಡ.

ಭಾನುವಾರ ಹಾಸನದ ಅಕ್ಕನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಸರ್ಕಾರಿ ಶಾಲೆಯಲ್ಲಿ ಮೂರು ವರ್ಷದಿಂದ ಇನ್‌ಚಾರ್ಜ್ ಹೆಡ್‌ಮಿಸ್.

"ಅದಕ್ಕೆ ಅಮೆರಿಕದ ಮ್ಯಾಚ್ ಬೇಕಿತ್ತೇನೋ?" ಅಂತ ನಕ್ಕಳು. "ಬಿಸಿಯೂಟದ ಲೆಕ್ಕ ಬರೀತಾ ಕೂತ್ರೆ ನನ್ನ ಏಳನೇ ಕ್ಲಾಸಿಗೆ ಪಾಠ ಯಾರು ಮಾಡ್ತಾರೆ? ಬೆಳಿಗ್ಗೆ ಎರಡು ಪಿರಿಯಡ್ ನಾನು ಆಫೀಸಿಗೆ ಕಾಲೇ ಇಡಲ್ಲ. ಬಿಇಓ ಬಂದ್ರೂ ಕ್ಲಾಸಿಗೇ ಬರ್ಲಿ."

ಸೋಮವಾರ ಕ್ಯಾಬಿನ್ ಗಾಜಿಗೆ ಚೀಟಿ ಅಂಟಿಸಿದೆ: ಲ್ಯಾಬಿನಲ್ಲಿದ್ದೇನೆ, ಮಧ್ಯಾಹ್ನ ಎರಡರಿಂದ ಮೂರರವರೆಗೆ ಇಲ್ಲಿ. ಮಾಲು ಬಿಡುವ, ತಡೆಯುವ ಸಹಿ ಮತ್ತು ಹುಡುಗರ ರಜೆ, ಇವೆರಡನ್ನು ನಾನೇ ಇಟ್ಟುಕೊಂಡೆ. ಯಾಕೆಂದರೆ ಅದನ್ನು ಯಾರಾದರೊಬ್ಬರು ನಿರ್ಧರಿಸಲೇಬೇಕು. ಮೀಟಿಂಗ್‌ಗಳಲ್ಲಿ ಅರ್ಧಕ್ಕರ್ಧ ಬಿಟ್ಟೆ. ಯಾರೂ ಕೇಳಲೇ ಇಲ್ಲ, ಅದು ಸ್ವಲ್ಪ ಬೇಜಾರಾಯಿತು ನಿಜ. ಹೊಸ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓವನ್ ಬಾಗಿಲು ತೆಗೆಸಿದೆ. ಈ ಸಲ ಹತ್ತು ನಿಮಿಷವಲ್ಲ, ಒಂದು ವಾರ.

ಹತ್ತು ವರ್ಷದ ಮೇಲೆ, 2023ರಲ್ಲಿ, ಮಿಶಿಗನ್ ಕೋಚ್ ಜಿಮ್ ಹಾರ್ಬಾ ಅವರಿಗೆ ಮೂರು ಪಂದ್ಯ ಅಮಾನತಾದಾಗ ಅಸಿಸ್ಟೆಂಟ್ ಶೆರೋನ್ ಮೂರ್ ತಂಡ ನಡೆಸಿದರು. ದಾಳಿಯ ಯೋಜನೆ ಅವರ ಕೆಲಸ, ಅದನ್ನು ಅವರೂ ಬಿಡಲಿಲ್ಲ. ಪೆನ್ ಸ್ಟೇಟ್ ಮೇಲೆ, ಅಧಿಕೃತ ಲೆಕ್ಕದಲ್ಲಿ, ಸತತ 32 ಸಲ ಚೆಂಡು ಎಸೆಯದೆ ಕೈಯಲ್ಲಿ ಹಿಡಿದು ಓಡಿಸಿಯೇ 24-15ರಿಂದ ಗೆದ್ದರು. ಚೆಂಡು ಹಿಡಿದು ಓಡುವವನಿಗೆ ಮುಂದೆ ದಾರಿ ಬಿಡಿಸಿಕೊಡುವ ಲೈನಿನ ದಢೂತಿ ಹುಡುಗರನ್ನು ತರಬೇತು ಮಾಡಿದವರೂ ಅವರೇ, ಆ ಹುಡುಗರ ಮೇಲೆ ಅಷ್ಟು ನಂಬಿಕೆ. ಟಿವಿಯಲ್ಲಿ ನೋಡುತ್ತಾ ನನಗೆ ನಗು ಬಂತು.

ನಮ್ಮ ಮ್ಯಾನೇಜರ್ ನವೆಂಬರ್ ಕೊನೆಗೆ ವಾಪಸ್ ಬಂದರು. ಹೋಲ್ಡ್ ವಿಷಯ ಮೊದಲೇ ಫೋನಿನಲ್ಲಿ ಹೇಳಿದ್ದೆ, ಬೈಸಿಕೊಂಡೂ ಆಗಿತ್ತು. ಕ್ಯಾಬಿನ್ನಿಗೆ ಹೋಗಿ ಕೂತವರು ಎರಡೇ ನಿಮಿಷಕ್ಕೆ ಬಾಗಿಲಿಗೆ ಬಂದರು.

"ನನ್ನ ಕುರ್ಚಿ ಇಷ್ಟೆತ್ತರ ಮಾಡಿದ್ದು ಯಾರು?"

ನಾನು ಸ್ಯಾಂಪಲ್ ತೂಗುತ್ತಿದ್ದೆ. ತಲೆ ಎತ್ತಲಿಲ್ಲ.